ಮುಟ್ಟು ನಿಂತ ಮೇಲೆ ಕೂದಲು ಉದುರಿದರೆ: ಕಾರಣ ಹುಡುಕುವುದರಿಂದ ಚಿಕಿತ್ಸೆಯವರೆಗೆ

ನಮ್ಮ ಚಿಕ್ಕಮ್ಮನಿಗೆ ಆಗ 64 ವರ್ಷ. ಚರ್ಮದ ಡಾಕ್ಟರ ಹತ್ತಿರ ಹೋಗುವಾಗ ಒಂದು ಪ್ಲಾಸ್ಟಿಕ್ ಕವರ್ ತುಂಬ ಉದುರಿದ ಕೂದಲು ತುಂಬಿಸಿಕೊಂಡು ಹೊರಟಿದ್ದರು, ಸಾಕ್ಷಿಗೆ. ಡಾಕ್ಟರು ಕವರನ್ನು ಒಮ್ಮೆ ಎತ್ತಿ ನೋಡಿ ಪಕ್ಕಕ್ಕಿಟ್ಟು ಕೇಳಿದ ಮೊದಲ ಪ್ರಶ್ನೆ, "ಮೂರು ತಿಂಗಳ ಹಿಂದೆ ಏನಾಗಿತ್ತಮ್ಮ?" ಆಗ ನೆನಪಾಯಿತು, ನ್ಯುಮೋನಿಯಾ ಬಂದು ಹತ್ತು ದಿನ ಹಾಸಿಗೆ ಹಿಡಿದದ್ದು. ಅಲ್ಲಿಯವರೆಗೆ ಮನೆಯವರೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು: "ವಯಸ್ಸಾಯ್ತಲ್ಲ, ಇನ್ನೇನು." ನಾನೂ ಹೇಳಿದ್ದೆ.

ವಯಸ್ಸು ಒಂದು ಕಾರಣ, ನಿಜ. ಆದರೆ ಅಷ್ಟಕ್ಕೇ ಕೈ ತೊಳೆದುಕೊಂಡರೆ ಥೈರಾಯ್ಡ್, ರಕ್ತಹೀನತೆ, ಯಾವುದೋ ಮಾತ್ರೆಯ ಅಡ್ಡಪರಿಣಾಮ ಇಂಥ ಸರಿಪಡಿಸಬಹುದಾದ ಕಾರಣಗಳು ಕಣ್ತಪ್ಪಿ ಹೋಗುತ್ತವೆ. ಕೂದಲನ್ನು ಬುಡಸಮೇತ ನಾಶ ಮಾಡುವ ಕಾಯಿಲೆಯೊಂದಿದೆ, ಅದೂ ಹೆಚ್ಚಾಗಿ ಮುಟ್ಟು ನಿಂತವರಿಗೇ ಬರುತ್ತದೆ, ಅದೂ ತಪ್ಪಿಹೋಗಬಹುದು. ಹಾಗಾಗಿ ಎಣ್ಣೆ, ಸೀರಮ್, ಮಾತ್ರೆಗೆ ದುಡ್ಡು ಸುರಿಯುವ ಮೊದಲು ಇದು ಯಾವ ಬಗೆಯ ಉದುರುವಿಕೆ ಅನ್ನುವುದು ಗೊತ್ತಾಗಬೇಕು. ಉಳಿದದ್ದೆಲ್ಲ ಆಮೇಲೆ.

ಕೂದಲಿನ ಲೆಕ್ಕಾಚಾರ

ತಲೆಯ ಮೇಲೆ ಸುಮಾರು 1 ಲಕ್ಷ ಕೂದಲಿರುತ್ತವೆ. ಒಂದೊಂದಕ್ಕೂ ಅದರದ್ದೇ ಪಂಚಾಂಗ. 2ರಿಂದ 6 ವರ್ಷ ಬೆಳೆಯುತ್ತದೆ, ಎರಡು ಮೂರು ವಾರದಲ್ಲಿ ಬೆಳವಣಿಗೆ ನಿಲ್ಲಿಸುತ್ತದೆ, ಆಮೇಲೆ ಸುಮಾರು 3 ತಿಂಗಳು ಸುಮ್ಮನೆ ಕೂತಿದ್ದು ಉದುರುತ್ತದೆ. ಅದೇ ಬುಡದಿಂದ ಹೊಸದು ಹುಟ್ಟುತ್ತದೆ. ದಿನಕ್ಕೆ 50ರಿಂದ 100 ಕೂದಲು ಹೋಗುವುದು ಈ ಲೆಕ್ಕದೊಳಗೇ ಬರುತ್ತದೆ. ಬೆಳೆಯುವ ವೇಗ ತಿಂಗಳಿಗೆ ಸುಮಾರು 1 ಸೆಂಟಿಮೀಟರ್.

ಡಾಕ್ಟರು "ಮೂರು ತಿಂಗಳ ಹಿಂದೆ" ಎಂದು ಕೇಳಿದ್ದು ಇದೇ ಕಾರಣಕ್ಕೆ. ಜ್ವರವೋ ಆಪರೇಷನ್ನೋ ಆದಾಗ ದೇಹ ಒಂದಷ್ಟು ಕೂದಲನ್ನು ಒಟ್ಟಿಗೇ ವಿಶ್ರಾಂತಿಗೆ ಕಳಿಸಿಬಿಡುತ್ತದೆ. ಅವು ಉದುರುವ ಹೊತ್ತಿಗೆ ನೀವು ಆ ಜ್ವರವನ್ನೇ ಮರೆತಿರುತ್ತೀರಿ, ಕಳೆದ ವಾರ ಬದಲಾಯಿಸಿದ ಶಾಂಪೂವಿನ ಮೇಲೆ ಗೂಬೆ ಕೂರಿಸುತ್ತೀರಿ.

ವಯಸ್ಸಾಗುತ್ತಾ ಎರಡು ಸಂಗತಿ ನಡೆಯುತ್ತವೆ. ಬೆಳೆಯುವ ಅವಧಿ ಗಿಡ್ಡವಾಗುತ್ತದೆ, ಒಂದೊಂದು ಎಳೆಯೂ ಸಪೂರವಾಗುತ್ತದೆ. ಅಂದರೆ ಎಣಿಕೆಯಲ್ಲಿ ಕೂದಲು ಅಷ್ಟೇನೂ ಕಮ್ಮಿಯಾಗದೆಯೂ ಜಡೆ ಇಲಿ ಬಾಲದಂತಾಗಬಹುದು. ಮುಟ್ಟು ನಿಂತ ಮೇಲೆ ಹೆಣ್ಣು ಹಾರ್ಮೋನಾದ ಈಸ್ಟ್ರೋಜೆನ್ ಇಳಿಯುವುದೂ ಇದಕ್ಕೆ ಸೇರಿಕೊಳ್ಳುತ್ತದೆ.

ಮೊದಲ ಹೆಜ್ಜೆ: ಕಿಟಕಿ ಪಕ್ಕ ಕೂತು ತಲೆ ನೋಡಿಸಿಕೊಳ್ಳಿ

ಇದಕ್ಕೆ ಇನ್ನೊಬ್ಬರು ಬೇಕು. ಒಣಗಿದ ಕೂದಲು, ಹಗಲು ಬೆಳಕು, ಚೂಪು ಹಿಡಿಯ ಬಾಚಣಿಗೆ, ಒಂದು ಫೋನು. ಹಣೆಯಿಂದ ನೆತ್ತಿಯವರೆಗೆ ನೇರ ಬೈತಲೆ ತೆಗೆದು, ಮೇಲಿನಿಂದ ಒಂದು ಫೋಟೋ. ನಂತರ ತಲೆಯ ಹಿಂಭಾಗದಲ್ಲಿ, ಕತ್ತಿನ ಮೇಲೆ, ಅದೇ ರೀತಿ ಬೈತಲೆ ತೆಗೆದು ಇನ್ನೊಂದು.

ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಹಿಂದಿನ ಬೈತಲೆ ಒಂದು ಗೆರೆಯಂತಿದ್ದು ಮುಂದಿನದು ಪಟ್ಟಿಯಂತೆ ಅಗಲವಾಗಿದ್ದರೆ, ಹಣೆಯ ಅಂಚಿನ ಕೂದಲು ಮಾತ್ರ ಮೊದಲಿದ್ದಲ್ಲೇ ಇದ್ದರೆ, ಅದು ಬಹುಪಾಲು ವಂಶಪಾರಂಪರ್ಯದ, ಹೆಂಗಸರಲ್ಲಿ ಕಾಣುವ ಮಾದರಿ. ಹಲವರಲ್ಲಿ ಬೈತಲೆ ಹಣೆಯ ಹತ್ತಿರ ಅಗಲವಾಗಿ, ನೆತ್ತಿಯತ್ತ ಹೋದಂತೆ ಕಿರಿದಾಗಿ, ತ್ರಿಕೋನದಂತೆ ಕಾಣುತ್ತದೆ. ಲುಡ್ವಿಗ್ ಎಂಬ ವೈದ್ಯ 1977ರಲ್ಲಿ ಇದನ್ನು ಮೂರು ಹಂತಗಳಾಗಿ ವಿಂಗಡಿಸಿದರು. ಡಾಕ್ಟರು ಚೀಟಿಯಲ್ಲಿ ಆ ಹೆಸರು ಬರೆದರೆ ಗಾಬರಿಯಾಗಬೇಡಿ, ಅದು ಅಳತೆಪಟ್ಟಿ ಅಷ್ಟೆ. ಗಂಡಸರಂತೆ ಪೂರಾ ಬೋಳಾಗುವುದು ಇದರಲ್ಲಿ ಅಪರೂಪ.

ಹಿಂದೆ ಮುಂದೆ ಎನ್ನದೆ ತಲೆಯಿಡೀ ಕೈತುಂಬ ಕೂದಲು ಬರುತ್ತಿದ್ದರೆ ಅದು ಜ್ವರ, ಆಪರೇಷನ್, ಔಷಧಿ, ಥೈರಾಯ್ಡ್ ಬಗೆಯದು. ನಾಣ್ಯದಷ್ಟು ದುಂಡಗೆ ನುಣುಪಾದ ಜಾಗವಾಗಿದ್ದರೆ ಅಲೋಪೇಶಿಯಾ ಏರಿಯೇಟಾ ಇರಬಹುದು; ದೇಹದ ರೋಗನಿರೋಧಕ ಶಕ್ತಿ ತನ್ನ ಕೂದಲ ಬುಡದ ಮೇಲೇ ತಿರುಗಿ ಬೀಳುವ ಕಾಯಿಲೆ ಅದು. ಕಿವಿಯ ಮೇಲ್ಭಾಗ, ಹಣೆಯ ಪಕ್ಕದ ಅಂಚಿನಲ್ಲಿ ಮಾತ್ರ ತೆಳುವಾಗಿದ್ದರೆ ವರ್ಷಗಟ್ಟಲೆ ಬಿಗಿಯಾಗಿ ಎಳೆದು ಕಟ್ಟಿದ ತುರುಬನ್ನೂ ನೆನಪಿಸಿಕೊಳ್ಳಿ.

ಈಗ ಉದುರಿದ ಕೂದಲು. ಗಾಢ ಬಣ್ಣದ ಬಟ್ಟೆಯ ಮೇಲೆ ಹತ್ತಿಪ್ಪತ್ತು ಎಳೆ ಹರಡಿ. ಒಂದು ತುದಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ಬಿಳಿ ಗುಂಡು ಕಂಡರೆ ಅದು ಅವಧಿ ಮುಗಿಸಿ ಬಿದ್ದ ಕೂದಲು. "ಬೇರೇ ಕಿತ್ತು ಬಂತು" ಅಂತ ಎಷ್ಟೋ ಜನ ಹೆದರುವುದು ಇದನ್ನು ನೋಡಿಯೇ. ಬೇರು ಬಂದಿಲ್ಲ, ಅದು ಚರ್ಮದೊಳಗೇ ಇದೆ. ಎರಡೂ ತುದಿಯಲ್ಲಿ ಗುಂಡಿಲ್ಲದೆ ಮೊಟಕಾಗಿದ್ದರೆ ಉದುರಿದ್ದಲ್ಲ, ಮುರಿದದ್ದು. ಅದಕ್ಕೆ ಔಷಧಿ ಬೇಕಿಲ್ಲ. ಬಣ್ಣ, ಸ್ಟ್ರೇಟ್ನಿಂಗ್, ಬಿಸಿ ಡ್ರೈಯರ್ ಕಮ್ಮಿ ಮಾಡಿದರೆ ಸಾಕು.

ಹಣೆಯ ಅಂಚನ್ನು ಬೇರೆಯಾಗಿ ನೋಡಿ

ಇದಕ್ಕೆ ಪ್ರತ್ಯೇಕ ತಲೆಬರಹ ಕೊಟ್ಟಿದ್ದೇಕೆಂದರೆ ತಡವಾದರೆ ಮರಳಿ ಬಾರದ ನಷ್ಟ ಇಲ್ಲೇ ಆಗುವುದು. ಫ್ರಂಟಲ್ ಫೈಬ್ರೋಸಿಂಗ್ ಅಲೋಪೇಶಿಯಾ ಎಂದು ಹೆಸರು. 1994ರಲ್ಲಿ ಆಸ್ಟ್ರೇಲಿಯಾದ ಕೊಸಾರ್ಡ್ ಎಂಬ ವೈದ್ಯರು ಮೊದಲ ಬಾರಿಗೆ ವಿವರಿಸಿದ್ದು, ಮುಟ್ಟು ನಿಂತ ಹೆಂಗಸರಲ್ಲೇ. ಹಣೆಯ ಮೇಲಿನ ಕೂದಲಂಚು ಪಟ್ಟಿಯಂತೆ ಹಿಂದೆ ಹಿಂದೆ ಸರಿಯುತ್ತದೆ. ಕೂದಲ ಬುಡದ ಸುತ್ತ ಉರಿಯೂತವಾಗಿ, ಕೊನೆಗೆ ಅಲ್ಲಿ ಕಲೆಗಟ್ಟಿ ಮುಚ್ಚಿಹೋಗುತ್ತದೆ. ಮುಚ್ಚಿದ ಮೇಲೆ ಯಾವ ಔಷಧಿಯೂ ಅಲ್ಲಿ ಕೂದಲು ಬೆಳೆಸುವುದಿಲ್ಲ.

ಪರೀಕ್ಷೆ ಹೀಗೆ: ಕನ್ನಡಿ ಮುಂದೆ ನಿಂತು ಹುಬ್ಬೆತ್ತಿ ಹಣೆ ಸುಕ್ಕಾಗಿಸಿ. ಸುಕ್ಕುಗಳು ಮುಗಿದ ಮೇಲೆ ಕೂದಲು ಶುರುವಾಗುವವರೆಗೆ ನಯವಾದ, ಬಣ್ಣ ಸ್ವಲ್ಪ ತಿಳಿಯಾದ ಪಟ್ಟಿಯಿದೆಯೇ? ಬಿಸಿಲು ಕಂಡ ಹಣೆಗೂ, ಮೊನ್ನೆಮೊನ್ನೆಯವರೆಗೆ ಕೂದಲಡಿ ಇದ್ದ ಚರ್ಮಕ್ಕೂ ಇರುವ ವ್ಯತ್ಯಾಸ ಅದು. ಆ ಪಟ್ಟಿಯ ನಡುವೆ ಒಂಟಿಯಾಗಿ ನಿಂತ ಒಂದೆರಡು ಕೂದಲು, ಬುಡದಲ್ಲಿ ಕೆಂಪು ಅಥವಾ ಹೊಟ್ಟು, ತುರಿಕೆ ಇರಬಹುದು. ಹುಬ್ಬು ಉದುರುವುದು ಇದರ ದೊಡ್ಡ ಸುಳಿವು. ಎಷ್ಟೋ ಸಲ ತಲೆಗಿಂತ ಮೊದಲೇ ಹುಬ್ಬು ಹೋಗಿರುತ್ತದೆ. ಹಳೆಯ ಫೋಟೋ ಒಂದು ತೆಗೆದು ಹೋಲಿಸಿ. ಅನುಮಾನ ಬಂದರೆ ಇದೇ ತಿಂಗಳು ಚರ್ಮರೋಗ ತಜ್ಞರನ್ನು ಕಾಣಿ.

ಎರಡನೇ ಹೆಜ್ಜೆ: ಆರು ತಿಂಗಳ ದಿನಚರಿ ಬರೆಯಿರಿ

ಒಂದು ಹಾಳೆ ಸಾಕು. ಉದುರುವುದು ಶುರುವಾದ ತಿಂಗಳನ್ನು ಗುರುತು ಹಾಕಿ ಹಿಂದಕ್ಕೆ ಎಣಿಸಿ. ಜೋರು ಜ್ವರ, ಕೋವಿಡ್, ಡೆಂಗ್ಯೂ, ಅರಿವಳಿಕೆ ಕೊಟ್ಟ ಆಪರೇಷನ್, ಬೇಗನೆ ತೂಕ ಇಳಿದದ್ದು, ಮನೆಯಲ್ಲಿ ಸಾವು, ನಿದ್ದೆ ಕೆಟ್ಟ ದಿನಗಳು, ಹೊಸದಾಗಿ ಶುರುವಾದ ಮಾತ್ರೆ.

ಮಾತ್ರೆಗಳ ಪಟ್ಟಿಯನ್ನು ಡಬ್ಬ ಸಮೇತ ತೆಗೆದುಕೊಂಡು ಹೋಗಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್, ವಾರ್ಫರಿನ್, ಬಿಪಿ ಮತ್ತು ಹೃದಯಕ್ಕೆ ಕೊಡುವ ಪ್ರೊಪ್ರನೊಲಾಲ್, ಮೆಟೊಪ್ರೊಲಾಲ್, ಮೂರ್ಛೆಗೆ ಕೊಡುವ ವಾಲ್ಪ್ರೊಯೇಟ್, ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ, ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್, ಸ್ತನ ಕ್ಯಾನ್ಸರ್ ನಂತರ ಕೊಡುವ ಲೆಟ್ರೊಜೋಲ್, ಅನಾಸ್ಟ್ರೊಜೋಲ್ ಇವುಗಳಿಂದ ಕೂದಲು ಉದುರಬಹುದು. ಆದರೆ ನೀವೇ ನಿಲ್ಲಿಸಬೇಡಿ. ಕೂದಲು ಉಳಿಸಲು ಹೋಗಿ ಹೃದಯದ ಮಾತ್ರೆ ಬಿಡುವುದು ಜಾಣತನವಲ್ಲ. ಬದಲಿ ಇದೆಯೇ ಎಂದು ಬರೆದುಕೊಟ್ಟ ಡಾಕ್ಟರನ್ನೇ ಕೇಳಿ.

ಮೂರನೇ ಹೆಜ್ಜೆ: ಯಾವ ಪರೀಕ್ಷೆ, ಯಾವುದು ಬೇಡ

ಮೂರು ರಕ್ತಪರೀಕ್ಷೆ ಬಹುತೇಕ ಎಲ್ಲರಿಗೂ ಉಪಯುಕ್ತ: ಸಿಬಿಸಿ (ರಕ್ತಕಣಗಳ ಎಣಿಕೆ), ಫೆರಿಟಿನ್, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ). ಫೆರಿಟಿನ್ ಅಂದರೆ ದೇಹದ ಕಬ್ಬಿಣದ ದಾಸ್ತಾನು. ಹಿಮೋಗ್ಲೋಬಿನ್ ಸರಿಯಿದ್ದೂ ದಾಸ್ತಾನು ಖಾಲಿಯಿರಬಹುದು. ಥೈರಾಯ್ಡ್ ಹೆಚ್ಚಾದರೂ ಕಮ್ಮಿಯಾದರೂ ಕೂದಲು ಹೋಗುತ್ತದೆ. ಬಿ12, ವಿಟಮಿನ್ ಡಿ ಅನುಮಾನವಿದ್ದರೆ ಸೇರಿಸುತ್ತಾರೆ. ಗಂಡು ಹಾರ್ಮೋನಿನ ಪರೀಕ್ಷೆ ಎಲ್ಲರಿಗೂ ಬೇಕಿಲ್ಲ. ಬೈತಲೆ ಅಗಲವಾದ ಹೆಂಗಸರಲ್ಲಿ ಬಹುಪಾಲು ಜನರಿಗೆ ಆ ಹಾರ್ಮೋನು ಸರಿಯಾಗಿಯೇ ಇರುತ್ತದೆ. ಆದರೆ ಕೆಲವೇ ತಿಂಗಳಲ್ಲಿ ಗಲ್ಲ, ಮೇಲ್ತುಟಿಯ ಮೇಲೆ ದಪ್ಪ ಕೂದಲು ಬಂದು, ದನಿ ಗಡಸಾಗಿದ್ದರೆ ಅದು ಬೇರೆಯೇ ಮಾತು; ಅಂಡಾಶಯ, ಅಡ್ರಿನಲ್ ಗ್ರಂಥಿಯಲ್ಲಿ ಗೆಡ್ಡೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಇಲ್ಲಿ ಎರಡು ಮಾತು, ಎರಡೂ ಮುಖ್ಯ.

ಮುಟ್ಟು ನಿಂತ ಹೆಂಗಸಿನಲ್ಲಿ ಕಬ್ಬಿಣ ಕಮ್ಮಿ ಬಂದರೆ ಮಾತ್ರೆ ಬರೆದು ಮುಗಿಸುವ ವಿಷಯವಲ್ಲ. ತಿಂಗಳು ತಿಂಗಳು ರಕ್ತ ಹೋಗುವುದು ನಿಂತಾಗಿದೆ. ಹಾಗಿದ್ದರೆ ಈ ಕಬ್ಬಿಣ ಎಲ್ಲಿಂದ ಸೋರುತ್ತಿದೆ? ಹೊಟ್ಟೆಯ ಹುಣ್ಣು, ನೋವಿನ ಮಾತ್ರೆಗಳಿಂದಾದ ಸಣ್ಣ ರಕ್ತಸ್ರಾವ, ಕರುಳಿನ ಗೆಡ್ಡೆ ಯಾವುದೂ ಇರಬಹುದು. ಜಠರ ಮತ್ತು ಕರುಳಿನ ತಪಾಸಣೆ ಬೇಕೇ ಎಂದು ಕೇಳಿಯೇ ಬನ್ನಿ. ಕೂದಲಿಗೆ ಅಂತ ಹೋದವರಿಗೆ ಇದು ಅತಿಯೆನಿಸಬಹುದು, ಆದರೆ ಇಡೀ ಬರಹದಲ್ಲಿ ಜೀವ ಉಳಿಸಬಹುದಾದ ಸಾಲು ಇದೊಂದೇ.

ಎರಡನೆಯದು ಬಯೋಟಿನ್ ಎಂಬ ವಿಟಮಿನ್. "ಕೂದಲು, ಚರ್ಮ, ಉಗುರು" ಎಂದು ಬರೆದ ಡಬ್ಬಿಗಳಲ್ಲಿ ಇದು ಧಾರಾಳ. ಕೊರತೆ ಇಲ್ಲದವರಿಗೆ ಕೂದಲು ಬರಿಸುತ್ತದೆ ಎನ್ನುವುದಕ್ಕೆ ಗಟ್ಟಿ ಆಧಾರವಿಲ್ಲ, ಕೊರತೆಯೋ ಬಲು ಅಪರೂಪ. ಅದಕ್ಕಿಂತ ಕೆಟ್ಟದ್ದು, ಥೈರಾಯ್ಡ್ ಪರೀಕ್ಷೆಯ ಅಂಕಿಯನ್ನೂ ಹೃದಯಾಘಾತ ಪತ್ತೆಗೆ ಮಾಡುವ ಟ್ರೊಪೊನಿನ್ ಅಂಕಿಯನ್ನೂ ಇದು ತಪ್ಪಾಗಿ ತೋರಿಸಬಲ್ಲದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಈ ಬಗ್ಗೆ ಎಚ್ಚರಿಕೆ ಕೊಟ್ಟಿತು. ರಕ್ತ ಕೊಡುವ ಎರಡು ಮೂರು ದಿನ ಮೊದಲೇ ನಿಲ್ಲಿಸಿ, ತೆಗೆದುಕೊಳ್ಳುತ್ತಿದ್ದಿರಿ ಎಂದು ಲ್ಯಾಬಿನಲ್ಲೂ ಹೇಳಿ.

ಚರ್ಮದ ಡಾಕ್ಟರು ಟ್ರೈಕೋಸ್ಕೋಪ್ ಎಂಬ ಸಣ್ಣ ಭೂತಗನ್ನಡಿಯಲ್ಲಿ ತಲೆ ನೋಡುತ್ತಾರೆ. ದಪ್ಪ ಎಳೆ, ಸಣ್ಣ ಎಳೆ ಬೆರೆತಿವೆಯೇ, ಬುಡದ ರಂಧ್ರಗಳು ತೆರೆದಿವೆಯೇ ಎಂಬುದು ಇದರಲ್ಲಿ ಕಾಣುತ್ತದೆ, ನೋವಿಲ್ಲ. ರಂಧ್ರ ಮುಚ್ಚಿದ ಅನುಮಾನವಿದ್ದರೆ 4 ಮಿಲಿಮೀಟರಿನಷ್ಟು ಚರ್ಮ ತೆಗೆದು ಬಯಾಪ್ಸಿ ಮಾಡಬಹುದು.

ನಾಲ್ಕನೇ ಹೆಜ್ಜೆ: ಚಿಕಿತ್ಸೆ

ಜ್ವರ, ಆಪರೇಷನ್ ನಂತರದ್ದಾದರೆ ಚಿಕಿತ್ಸೆ ಅಂದರೆ ಕಾಯುವುದೇ. ಕಾರಣ ದೂರವಾಗಿ 3ರಿಂದ 6 ತಿಂಗಳಲ್ಲಿ ಉದುರುವುದು ತಾನಾಗಿ ನಿಲ್ಲುತ್ತದೆ. ಹಣೆಯ ಅಂಚಿನಲ್ಲಿ ಚೂಪು ತುದಿಯ ಮೋಟು ಕೂದಲು ಎದ್ದು ನಿಂತರೆ ಖುಷಿಪಡಿ, ಅದು ಹೊಸ ಬೆಳೆ. ಆದರೆ ಭುಜದ ಉದ್ದಕ್ಕೆ ಬರಲು ಎರಡು ಮೂರು ವರ್ಷ ಬೇಕು, ತಿಂಗಳಿಗೆ 1 ಸೆಂಟಿಮೀಟರಿನ ಲೆಕ್ಕದಲ್ಲಿ. ಆರು ತಿಂಗಳು ದಾಟಿಯೂ ನಿಲ್ಲದಿದ್ದರೆ ಮತ್ತೆ ಕಾರಣ ಹುಡುಕಬೇಕು.

ಚಿಕ್ಕಮ್ಮನ ವಿಷಯದಲ್ಲಿ ಆದದ್ದು ಅರ್ಧ ಅದೇ. ಐದು ತಿಂಗಳಿಗೆ ಉದುರುವುದು ನಿಂತಿತು, ಬೈತಲೆ ಮಾತ್ರ ಅಗಲವಾಗಿಯೇ ಉಳಿಯಿತು. ಒಳಗೊಳಗೇ ವರ್ಷಗಳಿಂದ ನಡೆಯುತ್ತಿದ್ದ ತೆಳುವಾಗುವಿಕೆಯನ್ನು ಜ್ವರ ಬಯಲಿಗೆಳೆದಿತ್ತು. ಈ ವಯಸ್ಸಿನಲ್ಲಿ ಎರಡು ಕಾರಣ ಒಟ್ಟಿಗಿರುವುದು ತುಂಬ ಸಾಮಾನ್ಯ.

ಬೈತಲೆ ಅಗಲವಾಗುವ ಮಾದರಿಗೆ ಮೊದಲ ಆಯ್ಕೆ ತಲೆಗೆ ಹಚ್ಚುವ ಮಿನಾಕ್ಸಿಡಿಲ್. ಮೂಲತಃ ಬಿಪಿಗೆ ಬಂದ ಮಾತ್ರೆ. ತೆಗೆದುಕೊಂಡವರ ಮೈಮೇಲೆಲ್ಲ ಕೂದಲು ಬೆಳೆಯಿತೆಂದು ತಲೆಗೆ ಹಚ್ಚಿ ನೋಡಿದರು. ಹೆಂಗಸರಿಗೆ ಎರಡು ರೂಪಗಳಿವೆ: ಶೇಕಡಾ 2ರ ದ್ರಾವಣ, ಬೆಳಿಗ್ಗೆ ರಾತ್ರಿ ತಲಾ 1 ಮಿಲಿ, ಅಥವಾ ಶೇಕಡಾ 5ರ ನೊರೆ, ದಿನಕ್ಕೊಮ್ಮೆ ಅರ್ಧ ಮುಚ್ಚಳ. ನನ್ನ ಅಭಿಪ್ರಾಯ ಕೇಳಿದರೆ ನೊರೆಯೇ ವಾಸಿ. ದಿನಕ್ಕೊಮ್ಮೆ ಸಾಕು, ಜೊತೆಗೆ ದ್ರಾವಣದಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್‌ನಿಂದ ಕೆಲವರಿಗೆ ತುರಿಕೆಯಾಗುತ್ತದೆ, ನೊರೆಯಲ್ಲಿ ಅದಿಲ್ಲ.

ಹಚ್ಚುವ ರೀತಿಯಲ್ಲಿ ತಪ್ಪುವವರೇ ಹೆಚ್ಚು. ಔಷಧಿ ಹೋಗಬೇಕಾದ್ದು ಕೂದಲಿಗಲ್ಲ, ಚರ್ಮಕ್ಕೆ. ತಲೆ ಒಣಗಿರಲಿ. ನೆತ್ತಿಯಲ್ಲಿ ನಾಲ್ಕೈದು ಬೈತಲೆ ತೆಗೆಯಿರಿ, ಒಂದೊಂದು ಗೆರೆಗೂ ಸ್ವಲ್ಪ ಸ್ವಲ್ಪ ಇಟ್ಟು ಬೆರಳ ತುದಿಯಿಂದ ಮೆಲ್ಲಗೆ ಒತ್ತಿ. ಉಜ್ಜಬೇಡಿ. ಕೂಡಲೇ ಕೈ ತೊಳೆಯಿರಿ. ಮಲಗುವ ಎರಡು ಗಂಟೆ ಮೊದಲೇ ಹಚ್ಚಿ ಒಣಗಲು ಬಿಡಿ. ಇಲ್ಲದಿದ್ದರೆ ದಿಂಬಿಗೆ ತಗುಲಿ, ಅಲ್ಲಿಂದ ಕೆನ್ನೆಗೆ ತಗುಲಿ, ಬೇಡದ ಕಡೆ ಕೂದಲು ಬರುತ್ತದೆ. ಮನೆಯಲ್ಲಿ ಬೆಕ್ಕಿದ್ದರೆ ಇನ್ನೂ ಜೋಪಾನ: ಮಿನಾಕ್ಸಿಡಿಲ್ ಬೆಕ್ಕಿಗೆ ವಿಷ, ದಿಂಬು ನೆಕ್ಕಿದರೂ ಅಪಾಯ.

ಶುರು ಮಾಡಿದ ಎರಡರಿಂದ ಎಂಟು ವಾರಗಳ ನಡುವೆ ಕೂದಲು ಮೊದಲಿಗಿಂತ ಹೆಚ್ಚು ಉದುರಬಹುದು. ಎಷ್ಟೋ ಜನ ಬಿಟ್ಟುಬಿಡುವುದು ಇಲ್ಲೇ. ಹಳೆಯ ಕೂದಲನ್ನು ತಳ್ಳಿ ಹೊಸದು ಬರುವ ಸೂಚನೆ ಅದು, ಮುಂದುವರಿಸಿ. ಫಲ ಕಾಣಲು 4ರಿಂದ 6 ತಿಂಗಳು, ಪೂರ್ತಿ ತೀರ್ಮಾನಕ್ಕೆ 12 ತಿಂಗಳು. ಮತ್ತೊಂದು ಕಹಿ ಸತ್ಯ: ನಿಲ್ಲಿಸಿದರೆ ಕೆಲವೇ ತಿಂಗಳಲ್ಲಿ ಗಳಿಸಿದ್ದೆಲ್ಲ ಹೋಗುತ್ತದೆ. ದಿನಾ ಹಲ್ಲುಜ್ಜುವಂತೆ ಮಾಡಿಕೊಳ್ಳಲು ಮನಸ್ಸಿಲ್ಲದಿದ್ದರೆ ಶುರು ಮಾಡದಿರುವುದೂ ತಪ್ಪಲ್ಲ.

ಇದೇ ಔಷಧಿಯನ್ನು ತೀರಾ ಕಡಿಮೆ ಪ್ರಮಾಣದಲ್ಲಿ, 0.25ರಿಂದ 2.5 ಮಿಲಿಗ್ರಾಂವರೆಗೆ, ಮಾತ್ರೆಯಾಗಿಯೂ ಕೊಡುತ್ತಾರೆ. ಹಚ್ಚುವ ಗೋಜಿಲ್ಲ. ಆದರೆ ಪಾದ ಊದುವುದು, ಎದೆ ಢವಢವ, ಮುಖದ ಮೇಲೆ ಕೂದಲು ಬರಬಹುದು. ಹೃದಯ ದುರ್ಬಲವಿದ್ದವರು, ಬಿಪಿ ಮಾತ್ರೆ ತೆಗೆದುಕೊಳ್ಳುವವರು ಹೃದಯದ ಡಾಕ್ಟರಿಗೆ ತಿಳಿಸದೆ ಮುಟ್ಟಬಾರದು. ಗಂಡು ಹಾರ್ಮೋನಿನ ಪ್ರಭಾವ ತಡೆಯುವ ಸ್ಪೈರೊನೊಲ್ಯಾಕ್ಟೋನ್ ಇನ್ನೊಂದು ಮಾತ್ರೆ. ರಾಮಿಪ್ರಿಲ್, ಎನಲಾಪ್ರಿಲ್, ಲೊಸಾರ್ಟನ್, ಟೆಲ್ಮಿಸಾರ್ಟನ್ ಜಾತಿಯ ಬಿಪಿ ಮಾತ್ರೆಗಳ ಜೊತೆ ಸೇರಿದರೆ ಪೊಟ್ಯಾಸಿಯಂ ಅಪಾಯಕಾರಿಯಾಗಿ ಏರಬಹುದು, ಕಿಡ್ನಿ ತೊಂದರೆಯಿದ್ದರೆ ಇನ್ನೂ ಹೆಚ್ಚು. ರಕ್ತಪರೀಕ್ಷೆ ಇಲ್ಲದೆ ಇದು ಬೇಡವೇ ಬೇಡ. ಫಿನಾಸ್ಟರೈಡ್ ಬಗ್ಗೆ: ಕೂದಲು ಉದುರುವ ಗಂಡಸರಿಗೆ ಕೊಡುವ 1 ಮಿಲಿಗ್ರಾಂ ಪ್ರಮಾಣವನ್ನು ಮುಟ್ಟು ನಿಂತ 137 ಹೆಂಗಸರಲ್ಲಿ ಒಂದು ವರ್ಷ ಪರೀಕ್ಷಿಸಿದ ಅಧ್ಯಯನ 2000ರಲ್ಲಿ ಪ್ರಕಟವಾಯಿತು, ಪ್ರಯೋಜನ ಕಾಣಲಿಲ್ಲ. ಹೆಚ್ಚಿನ ಪ್ರಮಾಣ ಕೆಲವು ವೈದ್ಯರು ಬಳಸುತ್ತಾರೆ. ಕೂದಲೊಂದಕ್ಕೇ ಎಂದು ಹಾರ್ಮೋನ್ ಚಿಕಿತ್ಸೆ ಕೊಡುವುದಿಲ್ಲ.

ಪಿಆರ್‌ಪಿ (ನಿಮ್ಮದೇ ರಕ್ತದ ಪ್ಲೇಟ್‌ಲೆಟ್ ಬೇರ್ಪಡಿಸಿ ನೆತ್ತಿಗೆ ಚುಚ್ಚುವ) ಇಂಜೆಕ್ಷನ್, ಕೆಂಪು ಬೆಳಕಿನ ಲೇಸರ್ ಟೋಪಿ ಕೆಲವರಿಗೆ ಸ್ವಲ್ಪ ಸಹಾಯವಾಗುತ್ತವೆ. ಮಿನಾಕ್ಸಿಡಿಲ್ ಜೊತೆಗೆ, ಅದರ ಬದಲಿಗಲ್ಲ. ಕಸಿ ಮಾಡಿಸುವುದು ಹೆಂಗಸರಿಗೆ ಗಂಡಸರಷ್ಟು ಸುಲಭವಲ್ಲ, ಏಕೆಂದರೆ ಕೂದಲು ತೆಗೆಯುವ ಹಿಂಭಾಗವೇ ತೆಳುವಾಗಿರಬಹುದು.

ಹಣೆಯ ಅಂಚಿನ ಕಾಯಿಲೆಗೆ ಸ್ಟಿರಾಯ್ಡ್ ಇಂಜೆಕ್ಷನ್, ಹೈಡ್ರಾಕ್ಸಿಕ್ಲೋರೊಕ್ವಿನ್, ಡಾಕ್ಸಿಸೈಕ್ಲಿನ್, ಡ್ಯೂಟಾಸ್ಟರೈಡ್ ಹೀಗೆ ಬೇರೆ ದಾರಿಗಳಿವೆ. ಅಲ್ಲಿ ಗುರಿ ಬೆಳೆಸುವುದಲ್ಲ, ಉಳಿದದ್ದನ್ನು ಉಳಿಸಿಕೊಳ್ಳುವುದು. ದುಂಡಗೆ ಉದುರುವುದಕ್ಕೂ ಸ್ಟಿರಾಯ್ಡ್ ಇಂಜೆಕ್ಷನ್ನೇ ಮೊದಲು. ತೀವ್ರವಾಗಿದ್ದರೆ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಬ್ಯಾರಿಸಿಟಿನಿಬ್ ಇದೆ. 65 ದಾಟಿದವರಲ್ಲಿ ಸೋಂಕು, ರಕ್ತ ಹೆಪ್ಪುಗಟ್ಟುವ ಅಪಾಯ ತೂಗಿ ನೋಡಿಯೇ ಕೊಡುತ್ತಾರೆ.

ಊಟ, ಎಣ್ಣೆ, ಶಾಂಪೂ

ಹಲ್ಲು ನೋವು, ಒಂಟಿತನ, ಹಸಿವಿಲ್ಲದಿರುವುದು, ಹೀಗೆ ನಾನಾ ಕಾರಣಕ್ಕೆ ವಯಸ್ಸಾದವರ ತಟ್ಟೆಯಲ್ಲಿ ಮೊದಲು ಕಮ್ಮಿಯಾಗುವುದು ಪ್ರೋಟೀನು. ಕಿಡ್ನಿ ಸರಿಯಿದ್ದರೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕು. ವಿಟಮಿನ್ ಮಾತ್ರೆ ಕೊರತೆ ಕಂಡರೆ ಮಾತ್ರ. ವಿಟಮಿನ್ ಎ, ಸೆಲೆನಿಯಂ ಹೆಚ್ಚಾದರೆ ಅವೇ ಕೂದಲು ಉದುರಿಸುತ್ತವೆ.

ಎಣ್ಣೆ ಎಳೆಯನ್ನು ಮೃದುವಾಗಿಸುತ್ತದೆ, ಮುರಿಯುವುದನ್ನು ತಗ್ಗಿಸುತ್ತದೆ. ಬುಡದಿಂದ ಹೊಸ ಕೂದಲು ಹುಟ್ಟಿಸುವುದಿಲ್ಲ. ಹೊಟ್ಟು ಇದ್ದವರು ರಾತ್ರಿಯಿಡೀ ಎಣ್ಣೆ ಬಿಟ್ಟರೆ ಅದಕ್ಕೆ ಕಾರಣವಾದ ಶಿಲೀಂಧ್ರಕ್ಕೇ ಔತಣ. ತಲೆ ತೊಳೆದರೆ ಕೂದಲು ಹೋಗುತ್ತದೆಂದು ಹದಿನೈದು ದಿನಕ್ಕೊಮ್ಮೆ ತೊಳೆಯುವವರಿದ್ದಾರೆ. ಆ ಹದಿನೈದು ದಿನದ್ದೆಲ್ಲ ಅಂದೇ ಕೈಗೆ ಬಂದು ಇನ್ನಷ್ಟು ಹೆದರುತ್ತಾರೆ.

ಕಾಯುವ ತಿಂಗಳುಗಳಲ್ಲಿ

ಮೂರು ತಿಂಗಳಿಗೊಮ್ಮೆ ಅದೇ ಕಿಟಕಿ, ಅದೇ ಹೊತ್ತು, ಅದೇ ಬೈತಲೆ, ಅದೇ ದೂರದಿಂದ ಫೋಟೋ ತೆಗೆಯಿರಿ. ದಿನಾ ಕನ್ನಡಿ ನೋಡಿದರೆ ಏನೂ ತಿಳಿಯದು. ಉದುರಿದ್ದು ಎಣಿಸಲೇಬೇಕೆನಿಸಿದರೆ ತಲೆಗೆ ನೀರು ಹಾಕುವ ಮೊದಲು ಒಂದು ನಿಮಿಷ, ಹಿಂದಿನಿಂದ ಮುಂದಕ್ಕೆ, ಬಟ್ಟೆಯ ಮೇಲೆ ಬಾಚಿ ಎಣಿಸಿ. ತಿಂಗಳಿಗೊಮ್ಮೆ ಸಾಕು, ಹೋಲಿಕೆ ನಿಮ್ಮ ಹಿಂದಿನ ಸಂಖ್ಯೆಯೊಂದಿಗೆ ಮಾತ್ರ.

ಅಷ್ಟರಲ್ಲಿ ಮರೆಮಾಡುವುದರಲ್ಲಿ ನಾಚಿಕೆಯೇನಿಲ್ಲ. ಬೈತಲೆಯನ್ನು ಪಕ್ಕಕ್ಕೆ ಅಥವಾ ಅಂಕುಡೊಂಕಾಗಿ ತೆಗೆಯಿರಿ. ಕೂದಲ ಬಣ್ಣದ ಕೆರಾಟಿನ್ ಪುಡಿ ಉದುರಿಸಿದರೆ ಬಿಳಿ ಚರ್ಮ ಕಾಣುವುದಿಲ್ಲ, ತೊಳೆದರೆ ಹೋಗುತ್ತದೆ. ಔಷಧಿ ಒಣಗಿದ ಮೇಲೆ ಹಾಕಿ. ನೆತ್ತಿಯಷ್ಟಕ್ಕೇ ಕೂರುವ ಟಾಪರ್ ಎಂಬ ಚಿಕ್ಕ ವಿಗ್‌ಗಳು ಸಿಗುತ್ತವೆ, ಕ್ಲಿಪ್ಪು ಒಂದೇ ಜಾಗ ಎಳೆಯದಂತೆ ಬದಲಾಯಿಸುತ್ತಿರಿ. ಬಿಸಿಲಿಗೆ ಹೋಗುವಾಗ ಟೋಪಿಯೋ ಸೆರಗೋ ತಲೆ ಮೇಲಿರಲಿ, ತೆಳುವಾದ ನೆತ್ತಿ ಹಣೆಯಷ್ಟೇ ಬೇಗ ಸುಡುತ್ತದೆ.

ಚಿಕ್ಕಮ್ಮ ನೊರೆ ಹಚ್ಚಲು ಶುರು ಮಾಡಿ ಹದಿನಾಲ್ಕು ತಿಂಗಳಾದಾಗ ಎರಡು ಫೋಟೋ ಪಕ್ಕ ಪಕ್ಕ ಇಟ್ಟು ನೋಡಿದೆವು. ಬೈತಲೆ ಹಿಂದಲೆಯಷ್ಟು ಸಪೂರವಾಗಿರಲಿಲ್ಲ. ಮೊದಲಿನ ಪಟ್ಟಿಯ ಅರ್ಧದಷ್ಟಿತ್ತು. "ಇಷ್ಟೇನಾ?" ಅಂದರು. ಆಮೇಲೆ ಫೋನನ್ನು ಇನ್ನೂ ಹತ್ತಿರ ಹಿಡಿದು, ಹಣೆಯ ಮೇಲೆ ನಿಮಿರಿ ನಿಂತ ಮೋಟು ಕೂದಲುಗಳನ್ನು ಬೆರಳಲ್ಲಿ ಒಂದೊಂದಾಗಿ ಎಣಿಸತೊಡಗಿದರು.